ಏಳು ಸಹಿ, ಹದಿನಾಲ್ಕು ತಿಂಗಳು: ನಮ್ಮ ಬೀದಿಯ ಮಹಿಳಾ ಸಂಘ ನೋಂದಣಿಯಾದ ಬಗೆ

ಕಳೆದ ವಾರ ನಮ್ಮ ಸಂಘದ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಕೈಗೆ ಬಂದಿತು. 2023ರ ಯುಗಾದಿಯ ಮರುವಾರ ಆರಂಭಿಸಿದ ಕೆಲಸ 2024ರ ಮೇ ತಿಂಗಳಲ್ಲಿ ಮುಗಿಯಿತೆಂದು ಹೇಳಬಹುದು. ನಾನು ಮೈಸೂರಿನ ಕುವೆಂಪುನಗರದಲ್ಲಿ ವಾಸವಾಗಿರುವ, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಶಿಕ್ಷಕಿ. ಬರೆಯುವ ಅಭ್ಯಾಸವಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಈ ಹದಿನಾಲ್ಕು ತಿಂಗಳಲ್ಲಿ ನಾವು ಅಲೆದ ಅಲೆದಾಟದಲ್ಲಿ ಅರ್ಧದಷ್ಟು ನಮ್ಮ ತಿಳಿವಳಿಕೆಯ ಕೊರತೆಯಿಂದಲೇ ಆದದ್ದು. ಇನ್ನೊಂದು ಬಡಾವಣೆಯ ಹೆಂಗಸರು ಅದೇ ದಾರಿ ಹಿಡಿದಾಗ ಅಷ್ಟಾದರೂ ಉಳಿಯಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಸಂಘದ ಹುಟ್ಟನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಬೀದಿಯ ಐದಾರು ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ. 2014ರ ನವರಾತ್ರಿಯಲ್ಲಿ ಅರಿಶಿನ-ಕುಂಕುಮಕ್ಕೆ ಕರೆಯಲು ಹೊರಟ ನಾನು, ಬೀದಿಯ ನಡುವಿನ ಮಾವಿನಮರದ ಮನೆಯ ಮುಂದೆಯೂ ನಿಂತೆ. ಆ ಮನೆಯ ಅಕ್ಕ ಎರಡು ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡಿದ್ದರು. ಗೇಟಿನವರೆಗೆ ಬಂದು, "ಗೊಂಬೆ ನೋಡುವ ಆಸೆ ನನಗೂ ಇದೆ ಟೀಚರೇ, ಆದರೆ ನಾನು ಬಂದರೆ ಉಳಿದವರು ತಟ್ಟೆ ಹಿಡಿದುಕೊಂಡು ತಡವರಿಸುತ್ತಾರೆ, ಅವರಿಗೆ ಯಾಕೆ ಆ ಮುಜುಗರ?" ಎಂದರು. ಅವರು ಅದನ್ನು ನಗುತ್ತಲೇ ಹೇಳಿದರಾದರೂ ನನಗೆ ಆ ಸಂಜೆಯೆಲ್ಲ ಮನೆಯ ಗೊಂಬೆಗಳ ಕಡೆಗೆ ನೋಡಲಾಗಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ಬುಧವಾರ ಮಧ್ಯಾಹ್ನ, ಅಡುಗೆ ಕೆಲಸ ಮುಗಿದು ಮಕ್ಕಳು ಶಾಲೆಯಿಂದ ಬರುವ ಮುನ್ನಿನ ಆ ಎರಡು ಗಂಟೆಯ ಬಿಡುವಿನಲ್ಲಿ, ನಾವು ನಾಲ್ವರು ಅವರ ಮನೆಯಲ್ಲಿಯೇ ಸೇರಿದೆವು. ತಟ್ಟೆಯೂ ಇರಲಿಲ್ಲ, ಕುಂಕುಮವೂ ಇರಲಿಲ್ಲ. ಅವರು ಮಾಡಿದ್ದ ಹೆಸರುಬೇಳೆ ಕೋಸಂಬರಿ ಇತ್ತು, ಮಾತು ಇತ್ತು.

ಮುಂದಿನ ಬುಧವಾರ ಏಳು ಮಂದಿಯಾದೆವು. ಪೂಜೆಯ ಸಭೆಯಲ್ಲವೆಂದು ತಿಳಿದ ಮೇಲೆ ಬೇಕರಿ ಮನೆಯ ಆಪಾ ಬಂದರು. ಹಿಂದಿನ ಅಡ್ಡರಸ್ತೆಯಿಂದ ನಿವೃತ್ತ ನರ್ಸಮ್ಮ ಬಂದರು. ಮನೆಯಲ್ಲಿಯೇ ಹೊಲಿಗೆ ಮಾಡುವ ಟೈಲರ್ ಅಕ್ಕ ಕೆಲಸವನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು ಗುಂಡಿ ಹೊಲಿಯುತ್ತಲೇ ಕೂರುತ್ತಿದ್ದರು. ಯಾರಾದರೂ ಒಬ್ಬರು ಕಥೆಯನ್ನೋ ಪತ್ರಿಕೆಯ ಲೇಖನವನ್ನೋ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಆಮೇಲೆ ಅದರ ನೆವದಲ್ಲಿ ತಮ್ಮ ಮನೆಯ ಮಾತು ಆಡುವುದು, ಇದೇ ರೂಢಿಯಾಯಿತು. ತಿಂಗಳಿಗೆ ಐವತ್ತು ರೂಪಾಯಿ ಹಾಕಿ ವರ್ಷಕ್ಕೊಂದು ಪ್ರವಾಸ ಹೋಗುತ್ತಿದ್ದೆವು. 2020ರ ಲಾಕ್‌ಡೌನ್‌ನಲ್ಲಿ ಸೇರುವುದು ನಿಂತಾಗ ಮೂಲೆಮನೆಯ ಸೊಸೆ ಎಲ್ಲರನ್ನೂ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಒಂಟಿಯಾಗಿದ್ದ ಹಿರಿಯರಿಗೆ ಔಷಧ ತರಿಸುವುದು, ಮಾಸ್ಕ್ ಹೊಲಿದು ಕೊಡುವುದು ಆ ಗುಂಪಿನಿಂದಲೇ ನಡೆಯಿತು. ಬಾಗಿಲು ತೆರೆದಾಗ ನಾವು ನಲವತ್ತೆರಡು ಮಂದಿಯಾಗಿದ್ದೆವು. ಮಾವಿನಮರದ ಮನೆಯ ಪಡಸಾಲೆ ಸಾಲದೆ ವರಾಂಡದಲ್ಲಿ ಚಾಪೆ ಹಾಸಬೇಕಾಯಿತು.

ನೋಂದಣಿಯ ಯೋಚನೆ ಬಂದದ್ದು ಒಂದು ಅಪಘಾತದಿಂದ. ಗುಂಪಿನ ಹಣವೆಲ್ಲ ನರ್ಸಮ್ಮನವರ ಸ್ವಂತ ಉಳಿತಾಯ ಖಾತೆಯಲ್ಲಿರುತ್ತಿತ್ತು. ಅವರ ಲೆಕ್ಕದ ಪುಸ್ತಕದಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇದ್ದದ್ದಿಲ್ಲ. 2023ರ ಫೆಬ್ರವರಿಯಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಬೇಲೂರು-ಹಳೇಬೀಡಿನ ಪ್ರವಾಸಕ್ಕೆಂದು ಕೂಡಿಸಿದ್ದ ರೂ. 84,600 ಅವರ ಖಾತೆಯಲ್ಲಿತ್ತು. ಬಸ್ಸಿನವರಿಗೆ ಮುಂಗಡ ಕೊಡುವ ದಿನ ಬಂದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಮಗನ ಮುಂದೆ ಆ ವಿಷಯ ಎತ್ತಲು ನಮಗೆ ನಾಲಿಗೆ ಏಳಲಿಲ್ಲ. ಪ್ರವಾಸ ರದ್ದಾಯಿತು. ಚೇತರಿಸಿಕೊಂಡ ಮೇಲೆ ನರ್ಸಮ್ಮನೇ, "ನಾನು ಅವತ್ತೇ ಹೋಗಿದ್ದರೆ ನಿಮ್ಮ ದುಡ್ಡು ನನ್ನ ಮಕ್ಕಳ ಪಾಲಿಗೆ ಸೇರುತ್ತಿತ್ತು, ನೀವು ಬಾಯಿ ಬಿಡುತ್ತಿರಲಿಲ್ಲ" ಎಂದರು. ಸಂಘದ ಹೆಸರಿನಲ್ಲಿ ಖಾತೆ ತೆರೆಯೋಣವೆಂದು ಬ್ಯಾಂಕಿಗೆ ಹೋದರೆ, ಮೊದಲು ನೋಂದಣಿ ಪ್ರಮಾಣಪತ್ರ ತನ್ನಿ ಎಂದರು.

ಇಲ್ಲಿ ಒಂದು ಮಾತು. ನಿಮ್ಮ ಗುಂಪಿನ ಉದ್ದೇಶ ಉಳಿತಾಯ ಮತ್ತು ಸಾಲ ಮಾತ್ರವಾಗಿದ್ದರೆ ನಮ್ಮ ದಾರಿ ನಿಮಗೆ ಬೇಕಿಲ್ಲ. 2000-01ರಿಂದ ನಡೆಯುತ್ತಿರುವ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಂತೆ ಹದಿನೈದರಿಂದ ಇಪ್ಪತ್ತು ಮಂದಿಯ ಸ್ವಸಹಾಯ ಗುಂಪು ಕಟ್ಟಿಕೊಳ್ಳಬಹುದು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ನಾವು ಹೋದ ಕಡೆಯಲ್ಲೆಲ್ಲ ನಮ್ಮನ್ನು ಅಂಥ ಗುಂಪೆಂದೇ ತಿಳಿದು ಬೇರೆ ಮೇಜಿಗೆ ಕಳುಹಿಸುತ್ತಿದ್ದರು. ಓದುವುದಕ್ಕೂ ಕಲಿಯುವುದಕ್ಕೂ ಸೇರುವ ನಮ್ಮಂಥವರಿಗೆ ಅನ್ವಯಿಸುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ನೋಂದಣಿ ಮಾಡುವವರು ಸಹಕಾರ ಇಲಾಖೆಯ ಅಧೀನದಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳು. ಆಸ್ತಿಪತ್ರ ನೋಂದಾಯಿಸುವ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಒಂದು ಬೆಳಗನ್ನು ನಾವು ಕಳೆದುಕೊಂಡಂತೆ ನೀವು ಕಳೆದುಕೊಳ್ಳಬೇಡಿ.

ಯುಗಾದಿಯ ಮರುವಾರದ ಸಭೆಯಲ್ಲಿ ಏಳು ಮಂದಿಯನ್ನು ಆರಿಸಿದೆವು. ಸಂಘದ ಹೆಸರು, ಉದ್ದೇಶಗಳನ್ನು ಬರೆದು ಕೊಡುವ ಜ್ಞಾಪನ ಪತ್ರಕ್ಕೆ ಕನಿಷ್ಠ ಏಳು ಮಂದಿಯ ಸಹಿ ಬೇಕೆಂಬುದು ಕಾಯ್ದೆಯ ನಿಯಮ. ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ಮೇ 10ರ ಮತದಾನ ಮುಗಿಯುವವರೆಗೆ ಯಾವ ಕಚೇರಿಯಲ್ಲಿಯೂ ನಮ್ಮಂಥವರ ಕಡತಕ್ಕೆ ಕೈ ಬಿಡುವಿರಲಾರದೆಂದು, ನೋಂದಣಿಯ ಕೆಲಸಕ್ಕೆ ನಾವು ಹಣ ಕೊಟ್ಟು ಗೊತ್ತುಮಾಡಿಕೊಂಡಿದ್ದ ಸಲಹೆಗಾರರು ಹೇಳಿದರು. ಆ ಬಿಡುವನ್ನು ಬೈಲಾ, ಅಂದರೆ ಸಂಘದ ಒಳನಿಯಮಗಳನ್ನು, ಬರೆಯಲು ಬಳಸಿಕೊಂಡೆವು. ಅದು ಒಳ್ಳೆಯದೇ ಆಯಿತು, ಏಕೆಂದರೆ ಮೊದಲ ದೊಡ್ಡ ತೊಡಕು ಎದುರಾದದ್ದು ಅಲ್ಲಿಯೇ.

ಸಂಘದ ಉದ್ದೇಶವೇನು ಎಂಬ ಕಾಲಮ್ಮಿನಲ್ಲಿ ನಾನು ಸತ್ಯವನ್ನೇ ಬರೆದಿದ್ದೆ: "ಬಡಾವಣೆಯ ಮಹಿಳೆಯರು ವಾರಕ್ಕೊಮ್ಮೆ ಕೂಡಿ ಕುಳಿತು ಮಾತನಾಡುವುದು." ಸಲಹೆಗಾರರು ಅದನ್ನು ಓದಿ ಪೆನ್ನನ್ನು ಕೆಳಗಿಟ್ಟರು. ಕಾಯ್ದೆಯ ಮೂರನೆಯ ಪ್ರಕರಣದಲ್ಲಿ ಯಾವ ಉದ್ದೇಶಗಳಿಗಾಗಿ ಸಂಘ ಕಟ್ಟಬಹುದೆಂಬ ಪಟ್ಟಿಯೇ ಇದೆ: ದಾನಧರ್ಮ, ಶಿಕ್ಷಣ, ವಿಜ್ಞಾನ, ಸಾಹಿತ್ಯ, ಲಲಿತಕಲೆ, ಕ್ರೀಡೆ, ಉಪಯುಕ್ತ ಜ್ಞಾನದ ಪ್ರಸಾರ, ವಾಚನಾಲಯ ಮುಂತಾದವು. ಕೂಡಿ ಕುಳಿತು ಮಾತನಾಡುವುದು ಆ ಪಟ್ಟಿಯಲ್ಲಿಲ್ಲ. ನನಗೆ ಸ್ವಲ್ಪ ಕೋಪವೇ ಬಂದಿತು. ಒಂಬತ್ತು ವರ್ಷ ನಮ್ಮನ್ನು ಹಿಡಿದಿಟ್ಟದ್ದು ಅದೊಂದೇ, ಅದನ್ನು ಬರೆಯಬಾರದೆಂದರೆ ಇನ್ನೇನು ಬರೆಯುವುದು? ಮನೆಗೆ ಬಂದು ಯೋಚಿಸುವಾಗ ಪಾಠ ಮಾಡಿದ ಇತಿಹಾಸ ನೆನಪಿಗೆ ಬಂದಿತು. 1913ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಆರಂಭವಾದಾಗಲೂ ಹೆಂಗಸರು ಮನೆಯಿಂದ ಹೊರಬರಲು ಓದು, ಹೊಲಿಗೆ ಎಂಬ ನೆಪ ಬೇಕಾಗಿತ್ತೇನೋ. ಲೇಖಕಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಮಕ್ಕಳ ಕೂಟದ ಹೆಸರಿನಲ್ಲಿಯೇ 'ಕೂಟ' ಎಂಬ ಪದವಿದೆ; ಕೂಡುವುದು ಮೊದಲು, ಉಳಿದದ್ದು ಅದರ ಹಿಂದೆ. ಹಾಗೆ ನೋಡಿದರೆ ನಾವು ಗಟ್ಟಿಯಾಗಿ ಓದುತ್ತಿದ್ದುದು ಸಾಹಿತ್ಯ, ನರ್ಸಮ್ಮ ರಕ್ತದೊತ್ತಡ ನೋಡಿ ಹೇಳುತ್ತಿದ್ದುದು ಉಪಯುಕ್ತ ಜ್ಞಾನ, ನಮ್ಮ ಬಳಿಯಿದ್ದ ಇನ್ನೂರು ಚಿಲ್ಲರೆ ಪುಸ್ತಕಗಳ ಬೀರು ವಾಚನಾಲಯ. ಹಾಗೆಯೇ ಬರೆದೆವು. ಸುಳ್ಳೇನೂ ಬರೆಯಲಿಲ್ಲ, ಆದರೆ ಮುಖ್ಯವಾದದ್ದನ್ನು ಬರೆಯಲಿಲ್ಲ.

ಬೈಲಾದಲ್ಲಿ ಎರಡು ಕಡೆ ಎಚ್ಚರ ಬೇಕು. ನಮ್ಮಲ್ಲಿ ಕೆಲವರು ಚೀಟಿ ನಡೆಸುವುದನ್ನೂ ಸೇರಿಸೋಣವೆಂದರು. ಚೀಟಿ ವ್ಯವಹಾರಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಬೇರೆಯೇ ಇರುವುದರಿಂದ ಅದನ್ನು ಸಂಘದ ಹತ್ತಿರವೂ ಸುಳಿಯಗೊಡಬಾರದೆಂದು ಸಲಹೆಗಾರರು ಖಂಡಿತವಾಗಿ ಹೇಳಿದರು. ಇನ್ನೊಂದು, ವಿಸರ್ಜನೆಯ ನಿಯಮ. ಸಂಘ ಮುಚ್ಚಿದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಬಗೆಯ ಉದ್ದೇಶವಿರುವ ಇನ್ನೊಂದು ಸಂಘಕ್ಕೆ ಹೋಗಬೇಕೆಂದು ಬರೆಯಬೇಕು. ಇದನ್ನು ಸಭೆಯಲ್ಲಿ ಓದಿದಾಗ, "ನಾಮಕರಣಕ್ಕೆ ಮೊದಲೇ ತಿಥಿಯ ಮಾತೇ!" ಎಂದು ಟೈಲರ್ ಅಕ್ಕ ನಗಿಸಿದರು. ಸದಸ್ಯತ್ವ ಶುಲ್ಕ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ಪದಾಧಿಕಾರಿಗಳ ಅವಧಿ ಇವುಗಳಲ್ಲಿ ಮಾದರಿ ಬೈಲಾವನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ನಲವತ್ತು ಮಂದಿಯ ಸಂಘಕ್ಕೆ ಅರ್ಧದಷ್ಟು ಕೋರಂ ಇಟ್ಟರೆ ಮದುವೆಯ ತಿಂಗಳಲ್ಲಿ ಒಂದು ಸಭೆಯೂ ಸಿಂಧುವಾಗುವುದಿಲ್ಲ. ನಾವು ಮೂರನೆಯ ಒಂದು ಭಾಗವೆಂದು ಬರೆದುಕೊಂಡೆವು.

ಜೂನ್‌ನಲ್ಲಿ ಅರ್ಜಿ ಹಾಕಿದೆವು. ಮೊದಲು ಬಿದ್ದದ್ದು ಹೆಸರು. ನಾವು ಆರಿಸಿದ ಹೆಸರು 'ಸ್ನೇಹ' ಎಂಬ ಪದದಿಂದ ಆರಂಭವಾಗುತ್ತಿತ್ತು. ಈಗಾಗಲೇ ನೋಂದಣಿಯಾಗಿರುವ ಸಂಘದ ಹೆಸರನ್ನು ಹೋಲುವ ಹೆಸರು ಕೊಡುವಂತಿಲ್ಲವಾದ್ದರಿಂದ ಬೇರೆಯದನ್ನು ಸೂಚಿಸಲು ಹೇಳಿದರು. ಸರ್ಕಾರದ ಆಶ್ರಯವಿದೆಯೆಂಬ ಭಾವನೆ ಬರಿಸುವ ಪದಗಳೂ ಕೂಡದು. ಮೂರು ಹೆಸರುಗಳನ್ನು ಮೊದಲೇ ಸಭೆಯಲ್ಲಿ ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಪ್ರತಿ ಬಾರಿ ಹೊಸ ಸಭೆ ಕರೆದು ಹೊಸ ನಿರ್ಣಯ ಬರೆಯುವ ಕೆಲಸ ತಪ್ಪುತ್ತದೆ. ನಮಗೆ ಅದು ತಿಳಿಯದೆ ಮೂರು ವಾರ ಹೋಯಿತು.

ಆಮೇಲೆ ಬಿದ್ದದ್ದು ನಮ್ಮ ನಮ್ಮ ಹೆಸರುಗಳು. ಏಳು ಮಂದಿಯ ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ಹದಿನಾರು ಹೆಸರುಗಳಿದ್ದವು. ಒಬ್ಬರಿಗೆ ಆಧಾರ್‌ನಲ್ಲಿ ಗಂಡನ ಹೆಸರಿನ ಇನಿಷಿಯಲ್, ಪ್ಯಾನ್‌ನಲ್ಲಿ ತಂದೆಯದು. ಇನ್ನೊಬ್ಬರಿಗೆ ಮದುವೆಯ ದಿನ ಅತ್ತೆಮನೆಯವರು ಇಟ್ಟ ಹೆಸರು ಒಂದರಲ್ಲಿ, ಶಾಲೆಯ ಹೆಸರು ಮತ್ತೊಂದರಲ್ಲಿ. ನನ್ನದೇ ಹೆಸರಿನ ಕೊನೆಗೆ ಒಂದು ಕಡೆ 'ಅಮ್ಮ' ಇತ್ತು, ಇನ್ನೊಂದು ಕಡೆ ಇರಲಿಲ್ಲ. ಅರವತ್ತು ದಾಟಿದ ಆ ಹೆಂಗಸರು ತಮ್ಮ ತಮ್ಮ ಕಾರ್ಡುಗಳನ್ನು ಹಿಡಿದು, "ಇದೂ ನಾನೇ, ಅದೂ ನಾನೇ" ಎಂದು ಹೇಳುತ್ತಿದ್ದ ಆ ಮಧ್ಯಾಹ್ನ ನಗುವೂ ಬಂದಿತು, ನಗು ನಿಂತ ಮೇಲೆ ಒಂದು ಬಗೆಯ ಮೌನವೂ ಕವಿಯಿತು. ನಾಲ್ವರು ಛಾಪಾ ಕಾಗದದ ಮೇಲೆ, ಎರಡೂ ಹೆಸರು ತಮ್ಮವೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಬೇಕಾಯಿತು. ಸಹಿ ಹಾಕುವ ಏಳು ಮಂದಿಯನ್ನು ಆರಿಸುವಾಗ ಹಿರಿತನವನ್ನಾಗಲಿ ಉತ್ಸಾಹವನ್ನಾಗಲಿ ನೋಡುವ ಮೊದಲು ದಾಖಲೆಗಳನ್ನು ನೋಡಿ. ಕೇಳಲು ಒರಟಾಗಿದ್ದರೂ ಒಂದು ತಿಂಗಳು ಉಳಿಯುತ್ತದೆ.

ವೃತ್ತಿಯ ಕಾಲಮ್ಮಿನಲ್ಲಿ ಐವರು 'ಗೃಹಿಣಿ' ಎಂದು ಬರೆದಿದ್ದರು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಇಬ್ಬರು ಮಕ್ಕಳನ್ನು ಓದಿಸಿದ ಟೈಲರ್ ಅಕ್ಕನೂ ಹಾಗೆಯೇ ಬರೆದಿದ್ದರು. ಹೆಸರಿನ ತಿದ್ದುಪಡಿಗೆ ಹೇಗಿದ್ದರೂ ಹಾಳೆ ಹೊಸದಾಗಿ ಬರೆಯಬೇಕಿತ್ತು. ಎರಡನೆಯ ಸಲ ಅವರು 'ದರ್ಜಿ' ಎಂದು ಬರೆದರು, ಯಾರೂ ಹೇಳಿಕೊಡದೆ.

ಎಲ್ಲಕ್ಕಿಂತ ಗಟ್ಟಿಯಾದ ತೊಡಕು ಆಗಸ್ಟ್‌ನಲ್ಲಿ ಬಂದಿತು. ಸಂಘಕ್ಕೆ ಒಂದು ವಿಳಾಸ ಬೇಕು. ಆ ವಿಳಾಸದ ಮನೆಯ ಮಾಲೀಕರ ಒಪ್ಪಿಗೆ ಪತ್ರ, ಕಂದಾಯದ ರಸೀದಿ ಬೇಕು. ನಾವು ಮಾವಿನಮರದ ಮನೆಯ ವಿಳಾಸ ಕೊಟ್ಟಿದ್ದೆವು. ಅಕ್ಕ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರು. ಆದರೆ ಮನೆಯ ಖಾತೆ, ಅಂದರೆ ಪಾಲಿಕೆಯಲ್ಲಿನ ಆಸ್ತಿ ದಾಖಲೆ, ಇನ್ನೂ 2012ರಲ್ಲಿ ತೀರಿಕೊಂಡ ಅವರ ಗಂಡನ ಹೆಸರಿನಲ್ಲಿಯೇ ಇತ್ತು. ಮನೆಯಲ್ಲಿ ವಾಸಿಸುವವರು ಅವರು, ಹನ್ನೊಂದು ವರ್ಷ ಕಂದಾಯ ಕಟ್ಟಿದವರು ಅವರು, ರಸೀದಿಯಲ್ಲಿರುವ ಹೆಸರು ಮಾತ್ರ ಇಲ್ಲದವರದು. ಗುಮಾಸ್ತರು ಸೌಜನ್ಯದಿಂದಲೇ, ಬೇರೆ ಮನೆಯ ವಿಳಾಸ ಕೊಟ್ಟರೆ ನಾಳೆಯೇ ಕಡತ ಮುಂದೆ ಹೋಗುತ್ತದೆ ಎಂದರು. ನಮ್ಮ ಮನೆಯವರು ಒಪ್ಪಿಗೆ ಪತ್ರ ಕೊಡಲು ಸಿದ್ಧರಿದ್ದರು. ಅಕ್ಕನೂ, "ನಿಮ್ಮ ಮನೆಯದೇ ಕೊಟ್ಟುಬಿಡಿ ಟೀಚರೇ, ನನ್ನಿಂದ ತಡವಾಗುವುದು ಬೇಡ" ಎಂದರು. ಆ ಮಾತಿನ ಧಾಟಿ 2014ರಲ್ಲಿ ಗೇಟಿನ ಬಳಿ ಆಡಿದ ಮಾತಿನದೇ ಆಗಿತ್ತು.

ಸಭೆಯಲ್ಲಿ ಜಗಳವೇ ಆಯಿತು. ಆರು ತಿಂಗಳು ಈಗಾಗಲೇ ಹೋಗಿದೆ, ವಿಳಾಸ ಯಾರದಾದರೇನು ಎಂದು ಅರ್ಧ ಮಂದಿ. ಅವರ ಮನೆ ಬಿಟ್ಟು ಬೇರೆ ವಿಳಾಸವಾದರೆ ನೋಂದಣಿಯೇ ಬೇಡವೆಂದು ಆಪಾ ಮತ್ತು ಕೆಲವರು. ಕೊನೆಗೆ ಖಾತಾ ವರ್ಗಾವಣೆ ಆಗುವವರೆಗೆ ಕಾಯುವುದೆಂದು ತೀರ್ಮಾನವಾಯಿತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಕ್ರಯಪತ್ರದ ಪ್ರತಿ, ಕಂದಾಯದ ರಸೀದಿಗಳು, ಮಕ್ಕಳ ಒಪ್ಪಿಗೆ, ಅಫಿಡವಿಟ್. ಅಕ್ಕನ ಹಿರಿಯ ಮಗಳು ಹೊರದೇಶದಲ್ಲಿದ್ದುದರಿಂದ ಅವಳ ಸಹಿ ಬರುವುದಕ್ಕೇ ಒಂದು ತಿಂಗಳು ಹಿಡಿಯಿತು. ನಾವು ಸರದಿಯ ಮೇಲೆ ಇಬ್ಬಿಬ್ಬರಾಗಿ ಅಕ್ಕನ ಜೊತೆ ಪಾಲಿಕೆಯ ವಲಯ ಕಚೇರಿಗೆ ಹೋದೆವು. ನಡುವೆ ದಸರೆ ಬಂದಿತು. ದಸರೆಯಲ್ಲಿ ಮೈಸೂರಿನಲ್ಲಿ ಕಡತ ಮುಂದಕ್ಕೆ ಹೋಗಲಿ ಎಂದು ಯಾರೂ ನಿರೀಕ್ಷಿಸಬಾರದು. ನವೆಂಬರ್‌ನಲ್ಲಿ ಖಾತೆ ಅಕ್ಕನ ಹೆಸರಿಗಾಯಿತು. ಆ ಹಾಳೆಯನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ, ಮತ್ತೆ ಬಿಡಿಸಿ ಓದಿದರು. ನಿಮ್ಮ ಸಂಘವಿರಲಿ ಇಲ್ಲದಿರಲಿ, ಗಂಡ ತೀರಿಕೊಂಡ ಮೇಲೆ ಮನೆಯ ಖಾತೆ ಬದಲಾಯಿಸಿಕೊಳ್ಳುವುದನ್ನು ಮುಂದೂಡಬೇಡಿ.

ಡಿಸೆಂಬರ್ ಎರಡನೆಯ ವಾರದಲ್ಲಿ ಪ್ರಮಾಣಪತ್ರ ಬಂದಿತು. ಒಂದೇ ಹಾಳೆ. ಸದಸ್ಯರೆಲ್ಲ ಕೈಯಿಂದ ಕೈಗೆ ದಾಟಿಸಿದ್ದರಿಂದ ಮೂಲೆಯಲ್ಲಿ ಎಣ್ಣೆಯ ಗುರುತಾಯಿತು. ಮರುದಿನವೇ ಲ್ಯಾಮಿನೇಷನ್ ಮಾಡಿಸೋಣವೆಂದವರನ್ನು ತಡೆದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟೆ. ಮುಂದೆ ಎಲ್ಲಾದರೂ ಮೂಲಪತ್ರ ಕೇಳಿದಾಗ ಅದರ ಮೇಲೆ ಮೊಹರೋ ಸಹಿಯೋ ಹಾಕಬೇಕಾಗಬಹುದು.

ಪ್ಯಾನ್ ಹೆಚ್ಚು ಕಾಡಲಿಲ್ಲ. ಅರ್ಜಿ ನಮೂನೆಯಲ್ಲಿ (ನಾವು ತುಂಬಿದಾಗ ಅದು 49ಎ ಆಗಿತ್ತು) ಅರ್ಜಿದಾರರು ಯಾವ ವರ್ಗದವರೆಂಬ ಜಾಗವನ್ನು ಮಾತ್ರ ಎಚ್ಚರದಿಂದ ತುಂಬಿ. ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ಆ ವರ್ಗವನ್ನೇ ಹೇಳುತ್ತದೆ. ವ್ಯಕ್ತಿಗಳಿಗೆ 'ಪಿ', ನಮ್ಮದಕ್ಕೆ 'ಎ' ಬಂದಿದೆ.

ಬ್ಯಾಂಕಿನಲ್ಲಿ ಮತ್ತೆ ಸಿಕ್ಕಿಕೊಂಡೆವು. ಖಾತೆ ತೆರೆಯುವ ನಿರ್ಣಯ, ಬೈಲಾದ ದೃಢೀಕೃತ ಪ್ರತಿ, ಪದಾಧಿಕಾರಿಗಳ ಪಟ್ಟಿ, ದುಂಡು ಮೊಹರು ಎಲ್ಲವನ್ನೂ ತೆಗೆದುಕೊಂಡು ನಾನು, ಅಕ್ಕ, ನರ್ಸಮ್ಮ ಮೂವರೂ ಹೋದೆವು. ಮೇಜಿನ ಆಚೆಗಿದ್ದ ಯುವಕ ಕಾಗದಗಳನ್ನು ತಿರುವಿ ಹಾಕಿ, "ಅಮ್ಮ, ಇದರಲ್ಲಿ ತುಂಬಾ ಫಾರಂ ಇರುತ್ತೆ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ" ಎಂದ. ಮೂವತ್ತಾರು ವರ್ಷ ವಾರ್ಡಿನ ದಾಖಲೆಗಳನ್ನು ನೋಡಿಕೊಂಡಿದ್ದ ನರ್ಸಮ್ಮ ವಾಕರ್ ಹಿಡಿದುಕೊಂಡೇ ಕುರ್ಚಿ ಎಳೆದು ಕುಳಿತು, "ಫಾರಂ ಕೊಡಪ್ಪ, ಇಲ್ಲೇ ತುಂಬುತ್ತೇವೆ" ಎಂದರು. ಒಂದೂವರೆ ಗಂಟೆಯಲ್ಲಿ ತುಂಬಿ ಕೊಟ್ಟೆವು. ಆದರೂ ನಿರ್ಣಯದಲ್ಲಿ ಮೂವರಲ್ಲಿ ಯಾವ ಇಬ್ಬರ ಸಹಿ ಸಾಕೆಂಬುದು ಸ್ಪಷ್ಟವಿಲ್ಲವೆಂದು ಒಮ್ಮೆ, ಮೊಹರು ಮಸುಕಾಗಿದೆಯೆಂದು ಇನ್ನೊಮ್ಮೆ ಹಿಂದಿರುಗಿ ಬಂದೆವು. "ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಇವರಲ್ಲಿ ಯಾರಾದರೂ ಇಬ್ಬರು ಜಂಟಿಯಾಗಿ" ಎಂದು ನಿರ್ಣಯದಲ್ಲಿ ಮೊದಲೇ ಬರೆದುಕೊಳ್ಳಿ. ಅಷ್ಟರಲ್ಲಿ ಲೋಕಸಭಾ ಚುನಾವಣೆ ಬಂದು, ಏಪ್ರಿಲ್ 26ರ ಮತದಾನದವರೆಗೆ ಬ್ಯಾಂಕಿನ ಅರ್ಧ ಸಿಬ್ಬಂದಿ ಚುನಾವಣೆಯ ಕೆಲಸದಲ್ಲಿದ್ದರು. ನರ್ಸಮ್ಮನವರ ಖಾತೆಯಿಂದ ಹಣವನ್ನು ನಗದಾಗಿ ತಂದು ಕಟ್ಟುವ ಯೋಚನೆಯನ್ನು ಬಿಟ್ಟು ಚೆಕ್ ಮೂಲಕವೇ ವರ್ಗಾಯಿಸಿದೆವು. ಚುನಾವಣೆಯ ಸಮಯದಲ್ಲಿ ರೂ. 50,000 ಮೀರಿದ ನಗದನ್ನು ದಾಖಲೆಯಿಲ್ಲದೆ ಒಯ್ದರೆ ತಪಾಸಣೆಯಲ್ಲಿ ಹಿಡಿಯುತ್ತಾರೆ.

ಖರ್ಚು ಎಷ್ಟಾಯಿತೆಂದು ಕೇಳುವವರಿಗಾಗಿ: ಸಲಹೆಗಾರರಿಗೆ ರೂ. 7,500, ಛಾಪಾ ಕಾಗದ ಮತ್ತು ನೋಟರಿಗೆ ರೂ. 1,840, ಉಳಿದದ್ದು ಶುಲ್ಕ, ಬೆರಳಚ್ಚು, ಜೆರಾಕ್ಸ್, ಮೊಹರು, ಆಟೋ. ಎಲ್ಲ ಸೇರಿ ಹದಿನಾರು ಸಾವಿರದ ಆಸುಪಾಸು. ಸರ್ಕಾರಿ ಶುಲ್ಕ ಬದಲಾಗುತ್ತಿರುತ್ತದೆಯಾದ್ದರಿಂದ ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳಿ. ಸಲಹೆಗಾರರಿಲ್ಲದೆ ಮಾಡಬಹುದಿತ್ತೇ ಎಂದರೆ, ಈಗ ಮಾಡಬಲ್ಲೆ, ಅಂದು ಆಗುತ್ತಿರಲಿಲ್ಲ.

ನೋಂದಣಿಯಾದ ಮೇಲೆಯೂ ಕೆಲಸವಿದೆ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಸಿ, ಅದಾದ ಹದಿನಾಲ್ಕು ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಮರೆತು ದಂಡದ ಲೆಕ್ಕ ಕೇಳಿಕೊಂಡು ಓಡಾಡುವ ಸಂಘಗಳವರನ್ನು ಅದೇ ಕಚೇರಿಯ ಬೆಂಚಿನ ಮೇಲೆ ನೋಡಿದ್ದೇನೆ. ಆದ್ದರಿಂದ ಮೂಲೆಮನೆಯ ಸೊಸೆ ತನ್ನ ಮೊಬೈಲಿನಲ್ಲಿ ಆ ದಿನಾಂಕಕ್ಕೆ ಮೂರು ಅಲಾರಂ ಇಟ್ಟಿದ್ದಾಳೆ.

ಪಾಸ್‌ಬುಕ್ ಬಂದ ಬುಧವಾರ ಅದನ್ನು ಅಕ್ಕನ ಕೈಗೆ ಕೊಟ್ಟೆ. ವಿಳಾಸದ ಸಾಲಿನಲ್ಲಿ ಅವರ ಮನೆಯ ಸಂಖ್ಯೆ ಸರಿಯಾಗಿಯೇ ಅಚ್ಚಾಗಿತ್ತು. ಸಂಘದ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುವುದನ್ನು ನರ್ಸಮ್ಮ ಕಂಡುಹಿಡಿದರು. ತಿದ್ದುಪಡಿಗೆ ಅರ್ಜಿ ಕೊಡಬೇಕಂತೆ. ನಾಳೆ ಹನ್ನೊಂದು ಗಂಟೆಗೆ ಮೊಹರು ತೆಗೆದುಕೊಂಡು ಮೂವರೂ ಹೋಗುತ್ತಿದ್ದೇವೆ.